ಅಮೆರಿಕದ ಸಣ್ಣ ಊರಿನ ಹಳೇ ಡ್ರಗ್‌ಸ್ಟೋರ್: ಅಂಗಡಿಯ ಚರಿತ್ರೆ ಬೇರೆ, ಕಟ್ಟಡದ ಚರಿತ್ರೆ ಬೇರೆ

ಮೂಲೆಕಟ್ಟಡ

ನಾನಿರುವುದು ಅಮೆರಿಕದ ಮಿಡ್‌ವೆಸ್ಟ್ ಭಾಗದ ಒಂದು ಸಣ್ಣ ಊರಲ್ಲಿ. ಇಲ್ಲಿನ ಇತಿಹಾಸ ಸಂಘದವರು ಮೇನ್ ಸ್ಟ್ರೀಟ್ ಮೂಲೆಯ ಹಳೇ ಡ್ರಗ್‌ಸ್ಟೋರ್ (ಔಷಧಿ ಅಂಗಡಿ) ಬಗ್ಗೆ ಕಿರುಪುಸ್ತಕ ತರುತ್ತಿದ್ದಾರೆ. ಕಟ್ಟಡದ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಈ ಚರ್ಚಾ ವೇದಿಕೆಯಲ್ಲಿ ಈ ವಿಷಯ ಬಲ್ಲವರು ಇದ್ದಾರೆ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಓದುತ್ತಾ ಹೋದಂತೆ ಒಂದು ವಿಷಯ ಖಾತ್ರಿಯಾಯಿತು. ಡ್ರಗ್‌ಸ್ಟೋರ್ ಅಂದರೆ ಊರವರ ಮನಸ್ಸಲ್ಲಿ ಅಂಗಡಿಯೂ ಕಟ್ಟಡವೂ ಒಂದೇ. ನಿಜವಾಗಿ ಎರಡಕ್ಕೂ ಬೇರೆ ಬೇರೆ ವಯಸ್ಸು. ಅಂಗಡಿ ಒಂದು ಕಟ್ಟಡ ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ. ಕಟ್ಟಡಕ್ಕೆ ಹೊಸ ಬಾಡಿಗೆದಾರರು ಬರುತ್ತಾರೆ. ಎರಡನ್ನೂ ಒಂದೇ ಇಸವಿಗೆ ಗಂಟು ಹಾಕಿದರೆ ಚರಿತ್ರೆ ಕೆಟ್ಟುಹೋಗುತ್ತದೆ.

ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿರುವ ಸ್ಟೇಬ್ಲರ್-ಲೆಡ್‌ಬೀಟರ್ ಔಷಧಿ ಅಂಗಡಿಯನ್ನೇ ನೋಡಿ. ಎಡ್ವರ್ಡ್ ಸ್ಟೇಬ್ಲರ್ ವ್ಯಾಪಾರ ಶುರು ಮಾಡಿದ್ದು 1792ರಲ್ಲಿ. ಈಗ ನಾವು ನೋಡುವ ಫೇರ್‌ಫ್ಯಾಕ್ಸ್ ಬೀದಿಯ ಜಾಗಕ್ಕೆ ಬಂದದ್ದು 1805ರಲ್ಲಿ. ಅದೇ ಕುಟುಂಬ 1933ರವರೆಗೆ ನಡೆಸಿತು, ಆಮೇಲೆ ಬಾಗಿಲು ಹಾಕಿತು. ಒಂದು ಅಂಗಡಿಗೇ ಇಷ್ಟು ಇಸವಿಗಳು. ಈಗ ಅದು ಮ್ಯೂಸಿಯಂ. ಮಹಡಿಯಲ್ಲಿ ಔಷಧಿ ತಯಾರಿಸುತ್ತಿದ್ದ ಕೋಣೆ ಹಾಗೇ ಉಳಿದಿದೆ.

ಟೆಕ್ಸಾಸ್‌ನ ವೇಕೋದಲ್ಲಿ ಇದು ಉಲ್ಟಾ. 1885ರಲ್ಲಿ ಚಾರ್ಲ್ಸ್ ಆಲ್ಡರ್‌ಟನ್ ಎಂಬ ಫಾರ್ಮಸಿಸ್ಟ್ ಡಾಕ್ಟರ್ ಪೆಪ್ಪರ್ ಪಾನೀಯ ಮಾಡಿದ್ದು ಮಾರಿಸನ್ಸ್ ಓಲ್ಡ್ ಕಾರ್ನರ್ ಡ್ರಗ್ ಸ್ಟೋರ್‌ನಲ್ಲಿ. ಆದರೆ ಇವತ್ತು ಜನ ನೋಡಲು ಹೋಗುವ ಮ್ಯೂಸಿಯಂ ಇರುವುದು 1906ರ ಬಾಟ್ಲಿಂಗ್ ಕಟ್ಟಡದಲ್ಲಿ. ಕಥೆ ಉಳಿಯಿತು, ಅಂಗಡಿ ಉಳಿಯಲಿಲ್ಲ.

ನಮ್ಮ ಊರಿನ ಕಟ್ಟಡದ ವಿವರ ಹೇಳುತ್ತೇನೆ. ಎರಡು ಅಂತಸ್ತು, ಇಟ್ಟಿಗೆ ಗೋಡೆ. ಅಗಲ ಕಡಿಮೆ, ಉದ್ದ ಜಾಸ್ತಿ. ಬೀದಿ ಕಡೆ ಎರಕದ ಕಬ್ಬಿಣದ ಕಂಬಗಳು. ಒಳಗೆ ಹೂಬಳ್ಳಿ ಅಚ್ಚೊತ್ತಿದ ತಗಡಿನ ಸೀಲಿಂಗ್, ಅದರ ಮೇಲೆ ಪದರ ಪದರವಾಗಿ ಬಣ್ಣ. ಕಿಟಕಿಗಳ ಕೆಳಗೆ ಕಪ್ಪು ಗಾಜಿನ ಹಲಗೆಗಳು, ಎರಡು ಒಡೆದಿವೆ. ಮುಂಭಾಗ ಯಾವ ಕಾಲದ್ದು ಅಂತ ಹೇಗೆ ಪತ್ತೆ ಮಾಡುವುದು?

ಹಳೇ ಇಟ್ಟಿಗೆ

ಮುಂಭಾಗ ಯಾವ ಕಾಲದ್ದು ಅನ್ನುವ ಪ್ರಶ್ನೆಯೇ ಬೇಡ ಸರ್. ನೀವು ಹೇಳಿದ್ದರಲ್ಲೇ ಕನಿಷ್ಠ ಎರಡು ಕಾಲ ಇವೆ.

ಮೊದಲು ಕಬ್ಬಿಣದ ಕಂಬದ ಬುಡ ನೋಡಿ. ಬಣ್ಣ ದಪ್ಪ ಕೂತಿದ್ದರೆ ಮೆಲ್ಲಗೆ ಬೆರಳಾಡಿಸಿ, ಉಬ್ಬಿದ ಅಕ್ಷರ ಸಿಗಬಹುದು. 19ನೇ ಶತಮಾನದ ಕೊನೆಯಲ್ಲಿ ಸೇಂಟ್ ಲೂಯಿಸ್‌ನ ಮೆಸ್ಕರ್ ಬ್ರದರ್ಸ್ ಮತ್ತು ಇಂಡಿಯಾನಾದ ಇವಾನ್ಸ್‌ವಿಲ್‌ನ ಜಾರ್ಜ್ ಮೆಸ್ಕರ್ ಕಂಪನಿ ಅಂಗಡಿಗಳ ಮುಂಭಾಗವನ್ನೇ ಕ್ಯಾಟಲಾಗ್ ನೋಡಿ ತರಿಸಿಕೊಳ್ಳುವ ಹಾಗೆ ಮಾಡಿದ್ದರು. ಕಬ್ಬಿಣದ ಕಂಬ, ಅಚ್ಚೊತ್ತಿದ ತಗಡಿನ ಕಾರ್ನಿಸ್ (ಗೋಡೆಯ ಮೇಲ್ತುದಿಯ ಅಂಚು), ಕಿಟಕಿ ಮೇಲಿನ ಅಲಂಕಾರ, ಎಲ್ಲ ರೈಲಲ್ಲಿ ಬರುತ್ತಿತ್ತು. ಊರಿನ ಬಡಗಿ ಜೋಡಿಸುತ್ತಿದ್ದ. ಎಷ್ಟೋ ಕಂಬಗಳ ಬುಡದಲ್ಲಿ ಕಂಪನಿಯ ಹೆಸರು ಎರಕದಲ್ಲೇ ಇರುತ್ತದೆ. ಸಣ್ಣ ಊರಿನ ವ್ಯಾಪಾರಿಗೂ ದೊಡ್ಡ ಪಟ್ಟಣದ ಠೀವಿ ಕೈಗೆಟುಕಿದ್ದು ಹೀಗೆ.

ಕಪ್ಪು ಗಾಜು ಅದಾದ ಎಷ್ಟೋ ವರ್ಷಗಳ ನಂತರದ್ದು. ಅದು ಕ್ಯಾರಾರಾ ಗ್ಲಾಸ್ ಅಥವಾ ವಿಟ್ರೊಲೈಟ್ ಇರಬೇಕು, ಆಚೆ ಕಾಣದ ಬಣ್ಣದ ಗಾಜಿನ ಹಲಗೆಗಳ ಹೆಸರು ಅವು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕಟ್ಟಡದ ಕೆಲಸವೇ ನಿಂತುಹೋಗಿತ್ತು. 1934ರ ನ್ಯಾಷನಲ್ ಹೌಸಿಂಗ್ ಆಕ್ಟ್ ಬಂದ ಮೇಲೆ ದುರಸ್ತಿಗೆ ಸರ್ಕಾರದ ಖಾತರಿಯಿರುವ ಸಾಲ ಸಿಗತೊಡಗಿತು. 'ಮೇನ್ ಸ್ಟ್ರೀಟ್ ಆಧುನಿಕಗೊಳಿಸಿ' ಅಂತ ಪ್ರಚಾರವೂ ಜೋರಾಗಿ ನಡೆಯಿತು. ಗಾಜು ತಯಾರಿಸುವವರಿಗಂತೂ ಸುಗ್ಗಿ. ವ್ಯಾಪಾರಿಗಳು ಹಳೇ ಮರದ ಮುಂಗಟ್ಟು ಕಿತ್ತು ಹೊಳೆಯುವ ಗಾಜು ಹಾಕಿಸಿದರು. ಈ ಗಾಜು ಈಗ ಅಮೆರಿಕದಲ್ಲಿ ತಯಾರಾಗುತ್ತಿಲ್ಲ. ಒಡೆದದ್ದು ಎರಡೇ ಆದರೆ ಉಳಿದವನ್ನು ಜೋಪಾನ ಮಾಡಿ. 'ಇದು ಹಳೇದಲ್ಲ, ಕಿತ್ತುಹಾಕಿ' ಅನ್ನುವ ಗುತ್ತಿಗೆದಾರರ ಮಾತು ದಯವಿಟ್ಟು ಕೇಳಬೇಡಿ. ಅದೂ ಈ ಕಟ್ಟಡದ ಚರಿತ್ರೆಯೇ.

ಇನ್ನೊಂದು. ಬಾಗಿಲ ಮೇಲಿನ ಸಾಲಿನಲ್ಲಿ ಸಣ್ಣ ಸಣ್ಣ ಚೌಕದ, ಏಣು ಏಣಾದ ಗಾಜು ಇದೆಯಾ? ಅದು ಪ್ರಿಸಂ ಗಾಜು. ಷಿಕಾಗೋದ ಲಕ್ಸ್‌ಫರ್ ಕಂಪನಿಯದು ಹೆಸರುವಾಸಿ. ಬೆಳಕನ್ನು ಬಗ್ಗಿಸಿ ಉದ್ದ ಅಂಗಡಿಯ ಹಿಂಭಾಗಕ್ಕೆ ಕಳಿಸುತ್ತಿತ್ತು. ಔಷಧಿ ತೂಗುವವರು ಕೂರುತ್ತಿದ್ದದ್ದು ಹಿಂದೆ ಅಲ್ವಾ, ಅವರಿಗೆ ಬೆಳಕು ಬೇಕು.

ನಕ್ಷೆ ಹುಚ್ಚು

ಸ್ಯಾನ್‌ಬಾರ್ನ್ ನಕ್ಷೆ ನೋಡಿದ್ದೀರಾ? ನೋಡಿಲ್ಲದಿದ್ದರೆ ಬೇರೆ ಏನೂ ಮಾಡುವ ಮೊದಲು ಅದನ್ನು ನೋಡಿ.

ಬೆಂಕಿ ವಿಮೆ ಕಂಪನಿಗಳಿಗಾಗಿ 1867ರಿಂದ ಮಾಡುತ್ತಾ ಬಂದ ನಕ್ಷೆಗಳು ಇವು. ಸಾವಿರಾರು ಊರುಗಳ ಅಂಗಡಿ ಬೀದಿಗಳನ್ನು ಒಂದು ಇಂಚಿಗೆ 50 ಅಡಿ ಲೆಕ್ಕದಲ್ಲಿ ಬಿಡಿಸಿದ್ದಾರೆ. ಗುಲಾಬಿ ಬಣ್ಣ ಅಂದರೆ ಇಟ್ಟಿಗೆ, ಹಳದಿ ಅಂದರೆ ಮರ, ನೀಲಿ ಅಂದರೆ ಕಲ್ಲು. ಎಷ್ಟು ಅಂತಸ್ತು, ಛಾವಣಿ ಯಾವುದು, ಒಳಗೆ ಯಾವ ವ್ಯಾಪಾರ, ಎಲ್ಲ ಬರೆದಿರುತ್ತದೆ. ಔಷಧಿ ಅಂಗಡಿ ಇದ್ದರೆ 'ಡ್ರಗ್ಸ್' ಅಂತ ಇರುತ್ತದೆ. ಕೆಲವು ವರ್ಷಕ್ಕೊಮ್ಮೆ ಹೊಸ ನಕ್ಷೆ ಬರುತ್ತಿತ್ತು. ಸಣ್ಣಪುಟ್ಟ ಬದಲಾವಣೆ ಆದರೆ ಹಳೇ ನಕ್ಷೆಯ ಮೇಲೆ ಕಾಗದದ ತುಂಡು ಅಂಟಿಸುತ್ತಿದ್ದರು. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ದೊಡ್ಡ ಸಂಗ್ರಹ ಇದೆ, ತುಂಬಾ ನಕ್ಷೆಗಳನ್ನು ಆನ್‌ಲೈನ್‌ನಲ್ಲೇ ಬಿಟ್ಟಿಯಾಗಿ ನೋಡಬಹುದು.

ನಿಮ್ಮ ಊರಿನ ನಕ್ಷೆಗಳನ್ನು ಒಂದರ ಪಕ್ಕ ಒಂದು ಇಡಿ. ಮೂಲೆ ಹಳದಿಯಿಂದ ಗುಲಾಬಿಗೆ ತಿರುಗಿದ್ದು ಯಾವ ಎರಡು ನಕ್ಷೆಗಳ ನಡುವೆ ಅಂತ ನೋಡಿ. ಇಟ್ಟಿಗೆ ಕಟ್ಟಡ ಎದ್ದದ್ದು ಆ ನಡುವಿನ ಅವಧಿಯಲ್ಲಿ. ಹಾಗೆಯೇ 'ಡ್ರಗ್ಸ್' ಅನ್ನುವ ಪದ ಬೀದಿಯಲ್ಲಿ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಹುಡುಕಿ. ಅಂಗಡಿಯ ಪಯಣ ಅಲ್ಲೇ ಸಿಗುತ್ತದೆ.

ಮೂಲೆಕಟ್ಟಡ

ನಕ್ಷೆ ಹುಚ್ಚು ಅವರೇ, ನಿಮಗೆ ದೊಡ್ಡ ನಮಸ್ಕಾರ. ಇವತ್ತು ಸಂಜೆಯೇ ಕೂತು ನೋಡಿದೆ. ಮೊದಲ ನಕ್ಷೆಯಲ್ಲಿ ಮೂಲೆ ಪೂರ್ತಿ ಹಳದಿ, ಅಲ್ಲಿರುವುದು ಹಾರ್ಡ್‌ವೇರ್ ಅಂಗಡಿ! 'ಡ್ರಗ್ಸ್' ಇರುವುದು ಎದುರು ಸಾಲಿನಲ್ಲಿ. ಮುಂದಿನ ನಕ್ಷೆಯಲ್ಲಿ ಎದುರು ಸಾಲು ಇಡೀ ಖಾಲಿ. ಮೂಲೆ ಗುಲಾಬಿ ಆಗಿದೆ, 'ಡ್ರಗ್ಸ್' ಇಲ್ಲಿಗೆ ಬಂದಿದೆ. ಬೆಂಕಿ ಬಿದ್ದಿರಬಹುದು ಅನ್ನಿಸುತ್ತದೆ, ಆದರೆ ಪತ್ರಿಕೆಯಲ್ಲಿ ಸುದ್ದಿ ಸಿಗುವವರೆಗೆ ಹಾಗಂತ ಬರೆಯುವುದಿಲ್ಲ. ಊರಲ್ಲಿ ಎಲ್ಲರೂ 'ಮೊದಲಿಂದ ಇಲ್ಲೇ ಇತ್ತು' ಅನ್ನುತ್ತಾರೆ.

ಶೀಶೆ ಸಾಲು

ನಾನು ಇಲ್ಲಿ ಫಾರ್ಮಸಿಸ್ಟ್. ಬೆಂಕಿ ಬಿದ್ದಿರಬಹುದು ಅನ್ನುವ ನಿಮ್ಮ ಊಹೆಗೆ ಒಂದು ಕಾರಣ ಸೇರಿಸುತ್ತೇನೆ. ಆಗಿನ ಡ್ರಗ್‌ಸ್ಟೋರ್‌ನಲ್ಲಿ ಔಷಧಿ ಮಾತ್ರ ಇರುತ್ತಿರಲಿಲ್ಲ. ಬಣ್ಣ, ಅಗಸೆ ಎಣ್ಣೆ, ಟರ್ಪೆಂಟೈನ್, ಕಿಟಕಿ ಗಾಜು, ಶಾಲೆ ಪುಸ್ತಕ, ಸಿಗಾರ್, ಎಲ್ಲ ಅಲ್ಲೇ. ಬಣ್ಣದ ಪುಡಿ ಅರೆಯುವುದು, ಎಣ್ಣೆಗೆ ಬೆರೆಸುವುದು ಎಲ್ಲ ಔಷಧಿ ಬಲ್ಲವರ ಕೆಲಸಕ್ಕೆ ಹತ್ತಿರದ್ದೇ. ನೆಲಮಾಳಿಗೆಯಲ್ಲಿ ಇದೆಲ್ಲ ಪೀಪಾಯಿಗಟ್ಟಲೆ ಇರುತ್ತಿತ್ತು.

ಕಿಟಕಿಯಲ್ಲಿ ಬಣ್ಣದ ನೀರು ತುಂಬಿದ ದೊಡ್ಡ ಗಾಜಿನ ಬುರುಡೆ ತೂಗುಹಾಕಿರುತ್ತಿದ್ದರು. ಶೋ ಗ್ಲೋಬ್ ಅನ್ನುತ್ತಾರೆ. ಓದು ಬಾರದವರಿಗೂ ಇದು ಔಷಧಿ ಅಂಗಡಿ ಅಂತ ಅದನ್ನು ನೋಡಿದರೇ ಗೊತ್ತಾಗುತ್ತಿತ್ತು. ಸೀಲಿಂಗ್‌ನಲ್ಲಿ ಕಿಟಕಿ ಹತ್ತಿರ ಕೊಕ್ಕೆ ಉಳಿದಿದೆಯಾ ನೋಡಿ.

ಮಹಡಿಗೆ ಹೊರಗಿನಿಂದ ಪ್ರತ್ಯೇಕ ಮೆಟ್ಟಿಲು ಇದ್ದರೆ ಅಲ್ಲಿ ಡಾಕ್ಟರೋ ಹಲ್ಲಿನ ವೈದ್ಯರೋ ಇದ್ದಿರಬಹುದು. ಮೇಲೆ ಚೀಟಿ ಬರೆಯುವುದು, ಕೆಳಗೆ ಔಷಧಿ ಕೊಡುವುದು. ಎಷ್ಟೋ ಊರಲ್ಲಿ ಹಾಗೇ ಇತ್ತು. ಮಹಡಿಯಲ್ಲಿ ದೊಡ್ಡ ಹಾಲ್ ಇದ್ದರೆ ಆಡ್ ಫೆಲೋಸ್, ಮೇಸನ್ಸ್ ತರಹದ ಸಂಘಗಳ ಸಭೆಗೂ ಬಾಡಿಗೆಗೆ ಕೊಟ್ಟಿರುತ್ತಾರೆ.

ಬೇಸಿಗೆ ಮನೆ

ಔಷಧಿ ಅಂಗಡಿಯಲ್ಲಿ ಐಸ್‌ಕ್ರೀಮು, ಸೋಡಾ ಯಾಕೆ ಅಂತ ನನಗೆ ಯಾವತ್ತೂ ಅರ್ಥ ಆಗಿಲ್ಲ. ಯಾರಾದರೂ ಹೇಳ್ತೀರಾ?

ಶೀಶೆ ಸಾಲು

ಸೋಡಾ ನೀರೇ ಮೊದಲು ಔಷಧಿ ಅಂತ ಬಂದದ್ದು. ಯುರೋಪಿನ ಖನಿಜ ಬುಗ್ಗೆಗಳ ನೀರು ಹೊಟ್ಟೆಗೆ, ಮೈಗೆ ಒಳ್ಳೆಯದು ಅಂತ ಜನ ನಂಬಿದ್ದರು. ಅದನ್ನೇ ಯಂತ್ರದಲ್ಲಿ ಮಾಡಿ ಮಾರಿದವರು ಔಷಧಿ ಅಂಗಡಿಯವರು. ಅವರ ಹತ್ತಿರ ಸಿರಪ್, ಸುವಾಸನೆ ಎಣ್ಣೆ, ಅಳತೆ ಲೋಟ ಎಲ್ಲ ಮೊದಲೇ ಇತ್ತು. ಕಹಿ ಔಷಧಿಗೆ ರುಚಿ ಕೊಡುತ್ತಿದ್ದ ಕೈಯೇ ಸೋಡಾಗೂ ರುಚಿ ಕೊಟ್ಟಿತು. 1886ರಲ್ಲಿ ಅಟ್ಲಾಂಟಾದ ಜೇಕಬ್ಸ್ ಫಾರ್ಮಸಿಯಲ್ಲಿ ಜಾನ್ ಪೆಂಬರ್ಟನ್ ಅವರ ಕೋಕಾ-ಕೋಲಾ ಮೊದಲು ಮಾರಾಟವಾದಾಗ ಲೋಟಕ್ಕೆ 5 ಸೆಂಟ್. ನಾರ್ತ್ ಕ್ಯಾರೊಲಿನಾದ ನ್ಯೂ ಬರ್ನ್‌ನಲ್ಲಿ ಕೇಲೆಬ್ ಬ್ರಾಡಮ್ 1893ರಲ್ಲಿ ಮಾಡಿದ ಪಾನೀಯ 1898ರಲ್ಲಿ ಪೆಪ್ಸಿ-ಕೋಲಾ ಆಯಿತು. ಅವರೂ ಫಾರ್ಮಸಿಸ್ಟೇ.

ಆಮೇಲೆ 1920ರಲ್ಲಿ ದೇಶಕ್ಕೇ ಮದ್ಯ ನಿಷೇಧ ಬಂತು. ಬಾರುಗಳು ಮುಚ್ಚಿದವು. ಕೂತು ಹರಟುವುದಕ್ಕೆ ಜನರಿಗೆ ಸೋಡಾ ಕೌಂಟರೇ ಜಾಗ ಆಯಿತು. ಅದೇ ಹೊತ್ತಿಗೆ ಡಾಕ್ಟರ್ ಚೀಟಿ ಇದ್ದರೆ ವಿಸ್ಕಿ ಕೂಡ ಡ್ರಗ್‌ಸ್ಟೋರ್‌ನಲ್ಲಿ ಸಿಗುತ್ತಿತ್ತು. ಒಬ್ಬರಿಗೆ 10 ದಿನಕ್ಕೆ ಒಂದು ಪೈಂಟ್ (ಸುಮಾರು ಅರ್ಧ ಲೀಟರ್), ಅದಕ್ಕಿಂತ ಜಾಸ್ತಿ ಇಲ್ಲ. 1933ರವರೆಗೆ ಹೀಗೇ ನಡೆಯಿತು.

ಇದು ಕಟ್ಟಡದಲ್ಲೂ ಕಾಣುತ್ತದೆ. ಸೋಡಾ ಕೌಂಟರಿಗೆ ನೀರು, ಗ್ಯಾಸು, ಐಸು, ಚರಂಡಿ ಎಲ್ಲ ಬೇಕು. ಕೌಂಟರಿನ ಅಮೃತಶಿಲೆಯ ಭಾರ ತಾಳುವಂತೆ ನೆಲಕ್ಕೆ ಆಸರೆ ಕೊಡಬೇಕು. ನೆಲಮಾಳಿಗೆಗೆ ಇಳಿದು ಒಂದು ಗೋಡೆ ಉದ್ದಕ್ಕೆ ಹೆಚ್ಚುವರಿ ಕಂಬ, ಹಳೇ ಪೈಪು ತೂತು ಇವೆಯಾ ನೋಡಿ. ಕೌಂಟರು ಕಿತ್ತು ಎಷ್ಟೋ ವರ್ಷ ಆಗಿದ್ದರೂ ಎಲ್ಲಿತ್ತು ಅಂತ ಕೆಳಗಿನಿಂದ ಹೇಳಬಹುದು.

ಮೂಲೆಕಟ್ಟಡ

ಇದೆ ಮೇಡಂ! ಪಶ್ಚಿಮ ಗೋಡೆ ಉದ್ದಕ್ಕೂ ಮರದ ದಪ್ಪ ಆಸರೆ ಕಂಬಗಳು ಸಾಲಾಗಿವೆ. ಮೇಲೆ ನೆಲದ ಹಲಗೆಯಲ್ಲಿ ಪೈಪು ಹೋದ ದುಂಡನೆ ತೂತುಗಳಿಗೆ ತಗಡು ಹೊಡೆದಿದ್ದಾರೆ. ಯಾವುದೋ ಕಾಲದ ರಿಪೇರಿ ಅಂತ ಎಲ್ಲರೂ ಸುಮ್ನೆ ದಾಟಿಕೊಂಡು ಹೋಗುತ್ತಿದ್ದೆವು.

ಕಾನ್ಸಾಸ್ ಗಾಳಿ

ಸೋಡಾ ಕೌಂಟರ್ ಬಗ್ಗೆ ಬರೆಯುವಾಗ ಒಂದು ವಿಷಯ ಬಿಡಬೇಡಿ. ಅಲ್ಲಿ ಎಲ್ಲರಿಗೂ ಕೂರಲು ಬಿಡುತ್ತಿರಲಿಲ್ಲ.

1958ರ ಜುಲೈನಲ್ಲಿ ಕಾನ್ಸಾಸ್‌ನ ವಿಚಿಟಾದಲ್ಲಿ ಡಾಕಮ್ ಡ್ರಗ್ ಸ್ಟೋರ್ ಕೌಂಟರಿನಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಬಂದು ಕೂತರು. ಕುಡಿಯಲು ಕೊಡುವವರೆಗೆ ಏಳುವುದಿಲ್ಲ ಅಂತ ದಿನಾ ಬಂದರು. ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿಯ ಯುವ ಘಟಕದ ರಾನ್ ವಾಲ್ಟರ್ಸ್, ಕ್ಯಾರಲ್ ಪಾರ್ಕ್ಸ್ ಮುಂದಾಳುಗಳು. ಸುಮಾರು ಮೂರು ವಾರದ ನಂತರ ಅಂಗಡಿಯವರು ಒಪ್ಪಿದರು. ಆಗಸ್ಟ್‌ನಲ್ಲಿ ಒಕ್ಲಹೋಮ ಸಿಟಿಯ ಕ್ಯಾಟ್ಜ್ ಡ್ರಗ್ ಸ್ಟೋರ್‌ನಲ್ಲಿ ಕ್ಲಾರಾ ಲೂಪರ್ ಎಂಬ ಶಿಕ್ಷಕಿ ಮಕ್ಕಳನ್ನು ಕರೆದುಕೊಂಡು ಹೋಗಿ ಕೂತರು. ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೋದಲ್ಲಿ ವೂಲ್‌ವರ್ತ್ ಅಂಗಡಿಯ ಕೌಂಟರಿನಲ್ಲಿ ವಿದ್ಯಾರ್ಥಿಗಳು ಹೀಗೇ ಕೂತ ಘಟನೆ ಎಲ್ಲರಿಗೂ ಗೊತ್ತು, ಅದು 1960ರ ಫೆಬ್ರವರಿ. ಇವು ಅದಕ್ಕೂ ಮೊದಲು. ಇಂಥ ಭೇದಭಾವ ನಿಷೇಧಿಸುವ ಕಾನೂನು ಬಂದದ್ದು 1964ರಲ್ಲಿ.

ವಿಚಿಟಾ ಸಣ್ಣ ಊರಲ್ಲ, ನಿಜ. ಆದರೆ ಸಣ್ಣ ಊರುಗಳಲ್ಲೂ ಇದೇ ಪದ್ಧತಿ ಇತ್ತು. 'ಎಲ್ಲರೂ ಸೇರುತ್ತಿದ್ದ ಜಾಗ' ಅಂತ ಪುಸ್ತಕದಲ್ಲಿ ಬರೆಯುವ ಮೊದಲು ಎಲ್ಲರೂ ಅಂದರೆ ಯಾರು ಅಂತ ವಿಚಾರಿಸಿ.

ಬೇಸಿಗೆ ಮನೆ

ಊರಿನ ನೆನಪಿನ ಪುಸ್ತಕದಲ್ಲಿ ಇದೆಲ್ಲ ಬೇಕಾ? ವಯಸ್ಸಾದವರು ಖುಷಿಯಿಂದ ಕೊಂಡು ಓದುವ ಪುಸ್ತಕ ಅದು.

ಕಾನ್ಸಾಸ್ ಗಾಳಿ

ಬೇಕು. ಆ ಊರಲ್ಲಿ ವಯಸ್ಸಾದ ಕಪ್ಪು ಜನರೂ ಇರುತ್ತಾರಲ್ಲ. ಅವರಿಗೂ ಆ ಕೌಂಟರಿನ ನೆನಪು ಇರುತ್ತದೆ. ಹೊರಗೆ ನಿಂತು ಲೋಟ ಈಸಿಕೊಂಡು ಹೋದ ನೆನಪು. ಆ ಪುಸ್ತಕ ಅವರದ್ದೂ ಹೌದು.

ಮೂಲೆಕಟ್ಟಡ

ನಾನು ಕಾನ್ಸಾಸ್ ಗಾಳಿ ಅವರ ಪರ. ಸಂಘದಲ್ಲಿ ಈ ಮಾತು ಎತ್ತುತ್ತೇನೆ. ಆ ಅಧ್ಯಾಯ ಬರೆಯುವವರಿಗೆ ಹಿರಿಯರನ್ನು ಮಾತಾಡಿಸುವ ಪಟ್ಟಿ ಮಾಡುವಾಗ ಬರೀ ಗಿರಾಕಿಗಳನ್ನಲ್ಲ, ಒಳಗೆ ಪಾತ್ರೆ ತೊಳೆದವರನ್ನೂ, ಸೈಕಲ್ಲಲ್ಲಿ ಔಷಧಿ ಮನೆಮನೆಗೆ ಕೊಟ್ಟವರನ್ನೂ ಸೇರಿಸಿ ಅಂತ ಕೇಳುತ್ತೇನೆ.

ಚೀಟಿ ಕಟ್ಟು

ತಡವಾಗಿ ಬಂದೆ. ಹಳೇ ಔಷಧಿ ಚೀಟಿ ಪುಸ್ತಕಗಳು ಸಿಕ್ಕಿವೆಯಾ? ದಪ್ಪ ಪುಸ್ತಕದಲ್ಲಿ ನಂಬರ್ ಹಾಕಿ ಚೀಟಿ ಅಂಟಿಸಿರುತ್ತಾರೆ. ಅಂಗಡಿಯ ಚರಿತ್ರೆಗೆ ಅದಕ್ಕಿಂತ ಒಳ್ಳೆಯ ಆಧಾರ ಇಲ್ಲ. ಕಾನೂನು ಬದಲಾದ ಹಾಗೆ ಪುಟಗಳೂ ಬದಲಾಗುತ್ತವೆ.

1906ರ ಆಹಾರ-ಔಷಧಿ ಕಾನೂನು ಬಂದ ಮೇಲೆ ಬಾಟಲಿ ಮೇಲೆ ಮದ್ಯಸಾರ, ಅಫೀಮು, ಕೊಕೇನ್ ಎಷ್ಟಿದೆ ಅಂತ ಬರೆಯಲೇಬೇಕಾಯಿತು. 1914ರ ಹ್ಯಾರಿಸನ್ ಕಾಯ್ದೆ ಬಂದ ಮೇಲೆ ಅಫೀಮು, ಕೊಕೇನ್‌ಗೆ ಲೆಕ್ಕ ಇಡಬೇಕಾಯಿತು. 1937ರಲ್ಲಿ ಎಲಿಕ್ಸಿರ್ ಸಲ್ಫಾನಿಲಮೈಡ್ ಎಂಬ ಸಿರಪ್ ಕುಡಿದು 100ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಬಹಳ. ಔಷಧಿ ಕರಗಿಸಲು ಹಾಕಿದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ಸರ್ಕಾರದ ಇನ್‌ಸ್ಪೆಕ್ಟರುಗಳು ಊರೂರು ಅಲೆದು, ಚೀಟಿ ಪುಸ್ತಕ ತಿರುವಿ, ಮನೆ ಹುಡುಕಿ ಬಾಟಲಿ ವಾಪಸ್ ತಂದರು. ಮುಂದಿನ ವರ್ಷವೇ, 1938ರಲ್ಲಿ, ಮಾರುವ ಮೊದಲು ಔಷಧಿ ಸುರಕ್ಷಿತ ಅಂತ ತೋರಿಸಬೇಕು ಅನ್ನುವ ಕಾನೂನು ಆಯಿತು.

ಯಾವ ಔಷಧಿಗೆ ಡಾಕ್ಟರ್ ಚೀಟಿ ಬೇಕು, ಯಾವುದಕ್ಕೆ ಬೇಡ ಅಂತ ಗೆರೆ ಎಳೆದದ್ದು 1951ರ ಡರಮ್-ಹಂಫ್ರಿ ತಿದ್ದುಪಡಿ. ಅದನ್ನು ತಂದ ಡರಮ್, ಹಂಫ್ರಿ ಇಬ್ಬರೂ ಫಾರ್ಮಸಿಸ್ಟ್‌ಗಳು! ಹ್ಯೂಬರ್ಟ್ ಹಂಫ್ರಿ ಸೌತ್ ಡಕೋಟಾದ ಹ್ಯೂರನ್ ಎಂಬ ಸಣ್ಣ ಊರಲ್ಲಿ ಅಪ್ಪನ ಡ್ರಗ್‌ಸ್ಟೋರ್‌ನಲ್ಲಿ ಕೆಲಸ ಮಾಡಿದವರು. ಆಮೇಲೆ ದೇಶದ ಉಪಾಧ್ಯಕ್ಷರಾದರು.

ಚೀಟಿ ಪುಸ್ತಕ ಸಿಕ್ಕರೆ ಹೆಸರು ಅಚ್ಚು ಮಾಡುವ ಮೊದಲು ಯೋಚಿಸಿ. ಇವತ್ತಿನ ಆರೋಗ್ಯ ಗೋಪ್ಯತೆ ನಿಯಮದಲ್ಲಿ ವ್ಯಕ್ತಿ ಸತ್ತು 50 ವರ್ಷದವರೆಗೆ ರಕ್ಷಣೆ ಇದೆ. ನಿಯಮ ನಿಮಗೆ ಅನ್ವಯಿಸಲಿ ಬಿಡಲಿ, ಊರು ಸಣ್ಣದು, ಮೊಮ್ಮಕ್ಕಳು ಅಲ್ಲೇ ಇರುತ್ತಾರೆ.

ಶೀಶೆ ಸಾಲು

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಹಳೇ ಬಾಟಲಿಗಳು ಸಿಕ್ಕರೆ ಮುಚ್ಚಳ ತೆಗೆಯಬೇಡಿ, ಅಲ್ಲಾಡಿಸಬೇಡಿ. ಆರ್ಸೆನಿಕ್, ಪಾದರಸ ಇರಬಹುದು. ಸುಟ್ಟಗಾಯಕ್ಕೆ ಹಚ್ಚುತ್ತಿದ್ದ ಪಿಕ್ರಿಕ್ ಆಸಿಡ್ ಒಣಗಿದರೆ ಸಿಡಿಯುತ್ತದೆ. ಹಳೇ ಈಥರ್ ಕೂಡ ಹಾಗೇ. ಅಫೀಮು, ಕೊಕೇನ್ ಉಳಿದಿದ್ದರೆ ಇಟ್ಟುಕೊಳ್ಳುವುದೇ ಅಪರಾಧ. ಫೋಟೋ ತೆಗೆದು, ಕೋಣೆಗೆ ಬೀಗ ಹಾಕಿ, ಅಗ್ನಿಶಾಮಕದವರಿಗೆ ಫೋನ್ ಮಾಡಿ. ಚಂದ ಇದೆ ಅಂತ ಕಪಾಟಿನಲ್ಲಿ ಜೋಡಿಸಿಡುವುದು ಬೇಡವೇ ಬೇಡ.

ಮೂಲೆಕಟ್ಟಡ

ಹಿಂದಿನ ಕೋಣೆಯಲ್ಲಿ ಒಂದು ಪೆಟ್ಟಿಗೆ ಇದೆ. ಯಾರೂ ಮುಟ್ಟಬಾರದು ಅಂತ ಈಗಲೇ ಸಂಘಕ್ಕೆ ಮೆಸೇಜ್ ಹಾಕಿದೆ. ಒಂದು ಜೀವ ಉಳಿಸಿದಿರಿ ಮೇಡಂ.

ಉತ್ತರದ ಚಳಿ

ಅಂಗಡಿಗಳು ಯಾಕೆ ಮುಚ್ಚಿದವು ಅಂತ ಬರೆಯುವಾಗ 'ಕಾಲ ಬದಲಾಯಿತು' ಅಂತ ಬರೆದು ಮುಗಿಸಬೇಡಿ. ಕಾರಣಗಳು ಇವೆ. ಹೆದ್ದಾರಿ ಊರ ಹೊರಗೆ ಹೋಯಿತು. ದೊಡ್ಡ ಕಂಪನಿಗಳು ಸಗಟಿನಲ್ಲಿ ಕೊಂಡು ಅಗ್ಗಕ್ಕೆ ಮಾರಿದವು. ವಿಮೆ ಪರವಾಗಿ ಔಷಧಿಗೆ ಬೆಲೆ ಕಟ್ಟುವ ಮಧ್ಯವರ್ತಿಗಳು ಬಂದ ಮೇಲೆ ಸಣ್ಣ ಅಂಗಡಿಗೆ ಸಿಗುವ ಪಾಲು ಕುಗ್ಗಿತು. ಟಪಾಲಿನಲ್ಲೇ ಔಷಧಿ ಬರತೊಡಗಿತು.

ನಾರ್ತ್ ಡಕೋಟಾದಲ್ಲಿ ಬೇರೆ ದಾರಿ ಹಿಡಿದರು. ಫಾರ್ಮಸಿಯ ಹೆಚ್ಚಿನ ಪಾಲು ಫಾರ್ಮಸಿಸ್ಟ್‌ಗಳ ಕೈಯಲ್ಲೇ ಇರಬೇಕು ಅಂತ 1963ರ ಕಾನೂನು ಇದೆ. 2014ರಲ್ಲಿ ಅದನ್ನು ತೆಗೆಯಲು ಮತಕ್ಕೆ ಹಾಕಿದರು, ಜನ ಬೇಡ ಅಂದರು. ಅಲ್ಲಿನ ಸಣ್ಣ ಊರುಗಳಲ್ಲಿ ಈಗಲೂ ಊರವರದೇ ಔಷಧಿ ಅಂಗಡಿ ಕಾಣಸಿಗುತ್ತದೆ.

ಸೌತ್ ಡಕೋಟಾದ ವಾಲ್ ಡ್ರಗ್ ಇನ್ನೊಂದು ದಾರಿ. ಹಸ್ಟೆಡ್ ದಂಪತಿ 1931ರಲ್ಲಿ ಕೊಂಡ ಅಂಗಡಿ. ವ್ಯಾಪಾರವೇ ಇಲ್ಲ. 1936ರ ಬಿಸಿಲಲ್ಲಿ 'ಬಿಟ್ಟಿ ಐಸ್ ನೀರು' ಅಂತ ಹೆದ್ದಾರಿ ಬದಿ ಬೋರ್ಡು ನೆಟ್ಟರು, ಕಾರುಗಳು ನಿಲ್ಲತೊಡಗಿದವು. ಸಾವಿರ ಜನವೂ ಇಲ್ಲದ ಊರಲ್ಲಿ ಈಗ ಅದು ಬೀದಿ ಉದ್ದದ ಅಂಗಡಿ. ಎಲ್ಲರಿಗೂ ಅದು ಸಾಧ್ಯವಿಲ್ಲ, ಒಪ್ಪುತ್ತೇನೆ.

ಹಳೇ ಇಟ್ಟಿಗೆ

ಕಟ್ಟಡದ ಮುಂದಿನ ಗತಿ ಏನು? ನ್ಯಾಷನಲ್ ರಿಜಿಸ್ಟರ್‌ಗೆ ಸೇರಿಸುವ ಯೋಚನೆ ಇದೆಯಾ? 1966ರ ಕಾನೂನಿನಿಂದ ಬಂದ, ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿ ಅದು. ಸಾಮಾನ್ಯವಾಗಿ 50 ವರ್ಷ ಆಗಿರಬೇಕು. ಆದರೆ ಪಟ್ಟಿಗೆ ಸೇರಿತು ಅಂದ ಮಾತ್ರಕ್ಕೆ ಕಟ್ಟಡ ಉಳಿಯಿತು ಅಂತ ತಿಳಿಯಬೇಡಿ. ಖಾಸಗಿ ಮಾಲೀಕರು ಸ್ವಂತ ದುಡ್ಡಲ್ಲಿ ಕೆಡವಿದರೆ ಆ ಪಟ್ಟಿ ತಡೆಯುವುದಿಲ್ಲ. ತಡೆಯುವ ಶಕ್ತಿ ಇರುವುದು ಊರಿನ ಸ್ಥಳೀಯ ನಿಯಮಕ್ಕೆ. ಲಾಭ ಇರುವುದು ತೆರಿಗೆಯಲ್ಲಿ: ಬಾಡಿಗೆ ಅಥವಾ ವ್ಯಾಪಾರದ ಕಟ್ಟಡವನ್ನು ನಿಯಮದಂತೆ ದುರಸ್ತಿ ಮಾಡಿದರೆ ಖರ್ಚಿನ 20% ಕೇಂದ್ರ ತೆರಿಗೆಯಲ್ಲಿ ಬಿಡುತ್ತಾರೆ. ಆ ದುರಸ್ತಿಯಲ್ಲಿ ಕಪ್ಪು ಗಾಜು ಕಿತ್ತರೆ ತಕರಾರು ಬರಬಹುದು, ಮತ್ತೆ ಹೇಳುತ್ತಿದ್ದೇನೆ.

ಮೂಲೆಕಟ್ಟಡ

ಎಲ್ಲರಿಗೂ ಥ್ಯಾಂಕ್ಸ್. ಈಗಿನ ಲೆಕ್ಕದಲ್ಲಿ ಪುಸ್ತಕದಲ್ಲಿ ಎರಡು ಕಾಲಪಟ್ಟಿ ಹಾಕುತ್ತೇವೆ. ಎಡ ಪುಟದಲ್ಲಿ ಅಂಗಡಿ, ಬಲ ಪುಟದಲ್ಲಿ ಕಟ್ಟಡ. ಎರಡೂ ಕೂಡುವುದು ಗುಲಾಬಿ ಬಣ್ಣದ ನಕ್ಷೆಯ ಹತ್ತಿರ, ಬೇರೆಯಾಗುವುದು ಅಂಗಡಿ ಬಾಗಿಲು ಹಾಕಿದಾಗ. ಬಲ ಪುಟ ಅಲ್ಲಿಗೆ ನಿಲ್ಲುವುದಿಲ್ಲ, ಆಮೇಲೆ ಬಂದ ಬಟ್ಟೆ ಅಂಗಡಿ, ಇನ್ಶೂರೆನ್ಸ್ ಆಫೀಸು ಎಲ್ಲ ಬರುತ್ತವೆ.

ಮುಂದಿನ ಕೆಲಸ ಕೌಂಟಿ (ಜಿಲ್ಲೆಯ ಹಾಗೆ) ಕಚೇರಿಯಲ್ಲಿ ಕ್ರಯಪತ್ರಗಳನ್ನು ಹಿಂದಕ್ಕೆ ಹಿಂದಕ್ಕೆ ನೋಡುವುದು. ಜಾಗ ಯಾರದು, ಕಟ್ಟಿಸಿದವರು ಯಾರು ಅಂತ ಅಲ್ಲಿ ತಿಳಿಯಬೇಕು. ಬೆಂಕಿ ಸುದ್ದಿಗೆ ಹಳೇ ಪತ್ರಿಕೆ ಹುಡುಕಬೇಕು.

ನಕ್ಷೆ ಹುಚ್ಚು

ಪತ್ರಿಕೆಗೆ ಕ್ರಾನಿಕ್ಲಿಂಗ್ ಅಮೆರಿಕ ಎಂಬ ಹಳೇ ಪತ್ರಿಕೆಗಳ ಆನ್‌ಲೈನ್ ಸಂಗ್ರಹ ನೋಡಿ, ಅದೂ ಲೈಬ್ರರಿ ಆಫ್ ಕಾಂಗ್ರೆಸ್‌ನದೇ, ಬಿಟ್ಟಿ. ಬೆಂಕಿ ಅಂತ ಹುಡುಕುವ ಬದಲು ಅಂಗಡಿಯ ಜಾಹೀರಾತು ಹುಡುಕಿ. ಜಾಗ ಬದಲಿಸಿದ ವಾರ 'ಹೊಸ ಕಟ್ಟಡಕ್ಕೆ ಬಂದಿದ್ದೇವೆ' ಅಂತ ಹಾಕಿಯೇ ಹಾಕಿರುತ್ತಾರೆ. ಆ ತಾರೀಕು ಸಿಕ್ಕರೆ ಅದರ ಹಿಂದಿನ ಸಂಚಿಕೆಗಳನ್ನು ಒಂದೊಂದಾಗಿ ಓದಿ. ಕ್ರಯಪತ್ರದಲ್ಲಿ ಜಾಗದ ಬೆಲೆ ಒಂದೇ ಸಲ ಏರಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ, ಆ ಎರಡು ಮಾರಾಟಗಳ ನಡುವೆ ಇಟ್ಟಿಗೆ ಕಟ್ಟಡ ಎದ್ದಿರಬಹುದು.